ಓದಿದ ಕಾದಂಬರಿಯೆಲ್ಲ ಮರೆತುಹೋದರೆ ಓದಿ ಏನು ಪ್ರಯೋಜನ?

ವರ್ಷಕ್ಕೆ 20 ಕಾದಂಬರಿ ಓದಿದರೂ ಆರು ತಿಂಗಳಲ್ಲಿ ಪಾತ್ರಗಳ ಹೆಸರೂ ನೆನಪಿರುವುದಿಲ್ಲ, ಇದು ಮರೆವಿನ ಕಾಯಿಲೆಯಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಮರೆತದ್ದು ಕಾದಂಬರಿ ಮಾತ್ರ, ಬೀಗದ ಕೈ ಎಲ್ಲಿಟ್ಟಿದ್ದೀರಿ ಅಂತ ನೆನಪಿದೆ ಅಂತಾದರೆ ಸುಮ್ನೆ ತಲೆಬಿಸಿ ಮಾಡಿಕೊಳ್ಳಬೇಡಿ. ನಾನೂ ನಿಮ್ಮ ಪೈಕಿಯೇ.

ಕಾರಂತರ ‘ಮರಳಿ ಮಣ್ಣಿಗೆ’ಯನ್ನು ನಾನು ಓದಿದ್ದು ಬಸ್ಸಿನಲ್ಲಿ. ಆಗ ಉಡುಪಿಯಿಂದ ಮಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತಿದ್ದೆ. ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ 30 ಪುಟ ಮುಗಿಯುತ್ತಿತ್ತು. ಮೂರು ತಲೆಮಾರಿನ ದೊಡ್ಡ ಕಥೆ ಅದು. ಯಾವುದು ಮೊದಲು, ಯಾವುದು ಆಮೇಲೆ ಅಂತ ಈಗ ಕೇಳಿದರೆ ಹೇಳಲು ನನ್ನಿಂದಾಗದು. ಪಾರೋತಿ, ಸರಸೋತಿ ಮೈಮುರಿದು ದುಡಿಯುವುದು ನೆನಪಿದೆ. ಅದನ್ನು ಓದುವಾಗ ಬಸ್ ಪಡುಬಿದ್ರೆಯಲ್ಲಿ ಕೆಟ್ಟು ನಿಂತದ್ದೂ ನೆನಪಿದೆ.

ತಮಾಷೆ ಇರುವುದು ಇಲ್ಲಿ. ಆ ಕಾದಂಬರಿಯ ರಾಮ ಐತಾಳರ ಮನೆ ಅಂದರೆ ನನ್ನ ಕಣ್ಣಿಗೆ ಬರುವುದು ಬ್ರಹ್ಮಾವರದ ಹತ್ತಿರದ ನನ್ನ ಅಜ್ಜಿ ಮನೆ. ಅದೇ ಚಾವಡಿ, ಅದೇ ಸವೆದ ಹೊಸಿಲು. ಮೂಲೆಯಲ್ಲಿ ಒಂದು ಕೈ ಮುರಿದ ಕೆಂಪು ಪ್ಲಾಸ್ಟಿಕ್ ಕುರ್ಚಿ. 1940ರ ದಶಕದ ಆರಂಭದಲ್ಲಿ ಬಂದ ಕಾದಂಬರಿಗೆ ಪ್ಲಾಸ್ಟಿಕ್ ಕುರ್ಚಿ ಎಲ್ಲಿಂದ ಬರಬೇಕು? ತಂದಿಟ್ಟವನು ನಾನೇ.

ಕೇಂಬ್ರಿಡ್ಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ಇಂಥದ್ದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಅವರ ಪುಸ್ತಕ ಬಂದದ್ದು 1932ರಲ್ಲಿ. ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟರು. ಆಮೇಲೆ ನೆನಪಿನಿಂದ ಬರೆಯಿರಿ ಎಂದರು, ಕೆಲವರಿಗೆ ತಿಂಗಳುಗಟ್ಟಲೆ ಬಿಟ್ಟು. ಕಥೆ ಗಿಡ್ಡವಾಯಿತು. ತಲೆಬುಡ ಗೊತ್ತಾಗದ ಕಡೆ ಜನ ತಮಗೆ ತಿಳಿದಂತೆ ತೇಪೆ ಹಾಕಿದರು. ಮೂಲದ ಕ್ಯಾನೂ ಸಾದಾ ಬೋಟ್ ಆಯಿತು, ಸೀಲ್ ಬೇಟೆಗೆ ಹೋದವರು ಮೀನು ಹಿಡಿಯಲು ಹೋದರು. ನಮ್ಮ ಮಲ್ಪೆಯವರಿಗೆ ಕೊಟ್ಟಿದ್ದರೆ ದೊಡ್ಡ ಬಲೆಯ ಪರ್ಸೀನ್ ಮೀನುಗಾರಿಕೆ ಬೋಟೇ ಆಗುತ್ತಿತ್ತೋ ಏನೋ!

ನಮ್ಮ ಕಡೆಯವರಿಗೆ ಇದು ಹೊಸತಲ್ಲ, ವೇಷ, ಕುಣಿತ ಇಲ್ಲದೆ ಕೂತೇ ನಡೆಸುವ ಯಕ್ಷಗಾನ ತಾಳಮದ್ದಳೆ ನೋಡಿದರೆ ಸಾಕು. ಭಾಗವತರು ಹಾಡುವ ಪದ ಬರೆದಿಟ್ಟದ್ದು. ಪಾತ್ರವಾಗಿ ಮಾತಾಡುವ ಅರ್ಥಧಾರಿ ಮಾತ್ರ ಬಾಯಿಪಾಠ ಒಪ್ಪಿಸುವುದಿಲ್ಲ. ಎದುರು ಕೂತವನ ಮಾತಿಗೆ ತಕ್ಕಂತೆ ಅಲ್ಲೇ ಹುಟ್ಟಿಸಿ ಹೇಳುತ್ತಾನೆ. ಕಳೆದ ವಾರದ ಕರ್ಣ ಈ ವಾರ ಸಿಗುವುದಿಲ್ಲ. ಓದಿದ್ದರ ನೆನಪು ಅಂದರೆ ನನಗೆ ಈ ಅರ್ಥಗಾರಿಕೆಯೇ. ನಾಲ್ಕು ಸಾಲು ಪದ ಉಳಿದಿರುತ್ತದೆ, ಉಳಿದದ್ದನ್ನು ನಾವು ಕಟ್ಟುತ್ತೇವೆ. ಹಾಗಾಗಿ ನೀವು ಪೂರ್ತಿ ಮರೆತಿದ್ದೀರಿ ಅಂತ ನನಗೆ ಅನ್ನಿಸುವುದಿಲ್ಲ. ಯಾರೂ ನಿಮ್ಮ ಎದುರು ಕೂತು ಮಾತು ಎಳೆದಿಲ್ಲ, ಅಷ್ಟೇ.

ಜಾಸ್ತಿ ಉಳಿಯಬೇಕಾ? ಪುಸ್ತಕ ಮುಚ್ಚಿ ಯಾರಿಗಾದರೂ ಕಥೆ ಹೇಳಿ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಅಮೆರಿಕದಲ್ಲಿ ಕಾಲೇಜು ಮಕ್ಕಳ ಮೇಲೆ ಮಾಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. 5 ನಿಮಿಷ ಬಿಟ್ಟು ಕೇಳಿದಾಗ ಎರಡೆರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ, ಒಮ್ಮೆ ಓದಿ ನೆನಪಿನಿಂದ ಬರೆದಿದ್ದವರಿಗೆ ಜಾಸ್ತಿ ನೆನಪಿತ್ತು. ಅವರು ಓದಿದ್ದು ಕಾದಂಬರಿಯಲ್ಲ, ಚಿಕ್ಕ ಪಾಠದಂಥ ಗದ್ಯ. ಆದರೂ ನನ್ನ ಅನುಭವಕ್ಕೆ ಸರಿಯಾಗಿಯೇ ಕೂರುತ್ತದೆ.

ನನ್ನ ಎದುರು ಕೂರುವವರು ನಮ್ಮ ದೊಡ್ಡಮ್ಮ. ಈಗ ಅವರಿಗೆ ಕಣ್ಣು ಮಂಜು, ಓದಲು ಆಗುವುದಿಲ್ಲ. ಶನಿವಾರ ರಾತ್ರಿ ಊಟ ಆದ ಮೇಲೆ ಫೋನ್ ಮಾಡಿ ಕಥೆ ಹೇಳುತ್ತೇನೆ. ಹೋದ ತಿಂಗಳು ‘ಮರಳಿ ಮಣ್ಣಿಗೆ’ಯ ಕಥೆಯನ್ನು ನಾಗವೇಣಿ ಐತಾಳರ ಮನೆಗೆ ಮದುವೆಯಾಗಿ ಬಂದಲ್ಲಿವರೆಗೆ ಹೇಗೋ ಎಳೆದೆ. “ಮುಂದಿನದ್ದು ಮರೆತುಹೋಗಿದೆ ದೊಡ್ಡಮ್ಮ” ಎಂದೆ.

“ಅರ್ಧಕ್ಕೆ ಬಿಟ್ಟರೆ ನನಗೆ ನಿದ್ದೆ ಬರುವುದು ಹೇಗೆ ಮಾರಾಯ? ಆ ಹುಡುಗಿಗೆ ಆಮೇಲೆ ಎಂತಾಯ್ತು?”

ಕಪಾಟಿನ ಮೇಲಿಂದ ಪುಸ್ತಕ ಇಳಿಸಿದೆ. ಮೊದಲ ಪುಟದಿಂದಲೇ ಶುರು ಮಾಡಿದ್ದೇನೆ. ಕುರ್ಚಿಯನ್ನು ಆಚೆ ಇಡಬೇಕು ಅಂತ ತುಂಬ ಪ್ರಯತ್ನಪಟ್ಟೆ. ಐತಾಳರು ಬಂದ ಕೂಡಲೇ ಅದೂ ಬಂತು.