ಕೇಳಿ, ಹೇಳ್ತೀನಿ: ಹಳೇ ಹಾಲಿವುಡ್

ಪ್ರಶ್ನೆ: ಈಗಿನ ಸಾಹಸ ಚಿತ್ರಗಳ ಮುಂದೆ 1938ರ ‘ರಾಬಿನ್ ಹುಡ್’ ಸಪ್ಪೆಯಲ್ಲವೇ ಸಾರ್? ಹಳೇ ಮ್ಯೂಸಿಕಲ್‌ಗಳಲ್ಲಿ ನಿಮಗೆ ಯಾವುದು ಇಷ್ಟ?
– ಓದುಗ, ಧಾರವಾಡ

ಉತ್ತರ: ಸಪ್ಪೆಯೇ? ಕ್ಲೈಮ್ಯಾಕ್ಸ್‌ನ ಕತ್ತಿವರಸೆ ಇನ್ನೊಮ್ಮೆ ನೋಡಿ ಮಾರಾಯ್ರೆ. ಎರಾಲ್ ಫ್ಲಿನ್, ಬೇಸಿಲ್ ರಾತ್‌ಬೋನ್ ಕಾದಾಡುತ್ತ ಮರೆಗೆ ಸರಿದರೆ, ಅವರ ದೈತ್ಯ ನೆರಳುಗಳು ಕಂಬದ ಮೇಲೆ ಕಾಳಗ ಮುಂದುವರಿಸುತ್ತವೆ. ಕೊರ್ನ್‌ಗೋಲ್ಡ್ ಸಂಗೀತಕ್ಕೆ ಆಸ್ಕರ್ ಸುಮ್ಮನೆ ಬರಲಿಲ್ಲ. ಈಗ ಕಟ್ ಮೇಲೆ ಕಟ್. ಯಾರು ಯಾರಿಗೆ ಹೊಡೆದರೋ ಶಿವನೇ ಬಲ್ಲ.

ಮ್ಯೂಸಿಕಲ್ ಅಂದರೆ ‘ಸಿಂಗಿಂಗ್ ಇನ್ ದ ರೇನ್’ (1952). ಎಲ್ಲರೂ ಹೊಗಳುವ ಮಳೆ ಹಾಡಿಗಿಂತ ಡೊನಾಲ್ಡ್ ಓಕಾನರ್ ಗೋಡೆ ಹತ್ತಿ ಪಲ್ಟಿ ಹೊಡೆಯುವುದೇ ನನಗಿಷ್ಟ. ‘ಮೈ ಫೇರ್ ಲೇಡಿ’ಯಲ್ಲಿ (1964) ಆಡ್ರೆ ಹೆಪ್‌ಬರ್ನ್‌ಗೆ ಮಾರ್ನಿ ನಿಕ್ಸನ್ ಹಾಡಿದ್ದಕ್ಕೆ ಅಲ್ಲಿ ಗೊಣಗಾಟ. ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ಕೇಳಿಕೊಂಡೇ ಬೆಳೆದ ನಮಗೆ ಅದೂ ಒಂದು ತಕರಾರೇ! ಬೇಕಾದರೆ ಆ ಚಿತ್ರದ ಉದ್ದಕ್ಕೆ ಬೈಯಿರಿ, ಒಪ್ಪುತ್ತೇನೆ.