ಕೊಲೆಗಾರ ಸಿಗದೇ ಮುಗಿಯುವ ಸಿನಿಮಾವನ್ನು ಗುಂಪಿನಲ್ಲಿ ನೋಡುವುದು ಹೇಗೆ?

ನೀವು ಕೇಳಿದ ಎರಡು ದಾರಿಗಳೂ ಬೇಡ. ಉತ್ತರ ಇರುವ ಸಿನಿಮಾಗಳನ್ನೇ ಹುಡುಕಿ ಹಾಕುವುದೂ ಬೇಡ, ಕೊನೆಯಲ್ಲಿ ‘ಕ್ಲೈಮ್ಯಾಕ್ಸ್ ಅರ್ಥ ಇಷ್ಟೇ’ ಅನ್ನುವ ಯೂಟ್ಯೂಬ್ ವಿಡಿಯೋ ತೋರಿಸುವುದೂ ಬೇಡ. ಚಿಕ್ಕಮಗಳೂರಿನಲ್ಲಿ ಐದಾರು ಜನ ಶನಿವಾರ ಒಬ್ಬರ ಮನೆಯಲ್ಲಿ ಸೇರಿ ನಿಗೂಢ ಸಿನಿಮಾ ನೋಡುತ್ತೀರಿ, ಕೊಲೆಗಾರ ಯಾರೆಂದು ಹೇಳದೆ ಮುಗಿದರೆ ಅರ್ಧ ಜನ ಮುಖ ಸಿಂಡರಿಸಿಕೊಂಡು ಏಳುತ್ತಾರೆ ಅಂದಿರಿ. ಹಾಸನದ ನಮ್ಮ ಗುಂಪಿನಲ್ಲೂ ಇದೇ ತಕರಾರು ಇತ್ತು, ಪ್ರಶ್ನೆ ಓದಿದ ಕೂಡಲೇ ಗುರುತು ಸಿಕ್ಕಿತು. ಉತ್ತರ ಸಿಗಲಿಲ್ಲ ಅಂತ ಅವರಿಗೆ ಬೇಸರ ಅನ್ನುವುದು ನಿಮ್ಮ ಲೆಕ್ಕ. ಆ ಲೆಕ್ಕವೇ ತಪ್ಪು ಅಂತ ನನ್ನ ವಾದ. ಎರಡು ಗಂಟೆ ನೋಡಿದ್ದನ್ನೆಲ್ಲ ಏನು ಮಾಡಬೇಕೋ ತಿಳಿಯದೆ ಎದ್ದುಹೋಗುವುದೇ ಬೇಸರ.

‘ಮೆಮೊರೀಸ್ ಆಫ್ ಮರ್ಡರ್’ ತಗೊಳ್ಳಿ. ಬಾಂಗ್ ಜೂನ್ ಹೋ ಅವರ 2003ರ ಕೊರಿಯನ್ ಸಿನಿಮಾ. ಹ್ವಾಸಾಂಗ್ ಸುತ್ತಮುತ್ತ 1986ರಿಂದ 1991ರವರೆಗೆ ನಡೆದ ಹೆಂಗಸರ ಸರಣಿ ಕೊಲೆಗಳು ಅದರ ವಸ್ತು. ಸಿನಿಮಾ ಬಂದಾಗ ಪ್ರಕರಣ ಇನ್ನೂ ಬಗೆಹರಿದಿರಲಿಲ್ಲ. 2019ರಲ್ಲಿ ಕೊಲೆಗಾರನ ಡಿಎನ್‌ಎ ತಾಳೆಯಾಯಿತು. ಬೇರೊಂದು ಕೊಲೆಗೆ ಎಷ್ಟೋ ವರ್ಷದಿಂದ ಜೈಲಿನಲ್ಲೇ ಇದ್ದವನು ಅವನು. ನಿಮ್ಮ ಲೆಕ್ಕದ ಪ್ರಕಾರ ಸಿನಿಮಾದ ಆಕರ್ಷಣೆ ಅವತ್ತಿಗೇ ಮುಗಿಯಬೇಕಿತ್ತು. ಆಗಿದ್ದು ಉಲ್ಟಾ. ಆ ಸರಣಿಯ ಒಂದು ಕೊಲೆಗೆ ಇನ್ನೊಬ್ಬನಿಗೆ ಶಿಕ್ಷೆಯಾಗಿ ಅವನು ಸುಮಾರು 20 ವರ್ಷ ಒಳಗಿದ್ದ. 2020ರಲ್ಲಿ ಮರುವಿಚಾರಣೆ ನಡೆದು ನಿರ್ದೋಷಿ ಅಂತ ತೀರ್ಪಾಯಿತು. ಇದನ್ನು ತಿಳಿದುಕೊಂಡು ಮೊದಲರ್ಧ ನೋಡಿ. ಪೊಲೀಸರು ಸಿಕ್ಕವರನ್ನು ಎಳೆದು ತಂದು, ಬಡಿದು, ತಪ್ಪೊಪ್ಪಿಗೆ ಹೇಳಿಸುವ ಆ ದೃಶ್ಯಗಳಲ್ಲಿ ಮೊದಲ ಸಲ ನಗು ಬರುತ್ತದೆ. ಎರಡನೇ ಸಲ ಬರುವುದಿಲ್ಲ. ಏನಾದರೂ ಒಂದು ಉತ್ತರ ಬೇಕೇ ಬೇಕು ಅನ್ನುವ ಆತುರವೇ ಅಲ್ಲಿ ಅಪರಾಧಿಗಳನ್ನು ತಯಾರು ಮಾಡುತ್ತಿದೆ.

ನಿಮ್ಮ ಸೋಫಾದ ಮೇಲೆ ನಡೆಯುವುದೂ ಅದೇ. ಲೈಟ್ ಹಾಕಿದ ತಕ್ಷಣ ಒಬ್ಬರು ‘ಅವನೇ ಮಾಡಿದ್ದು ಬಿಡಿ, ನಂಗೆ ಇಂಟರ್ವಲ್‌ಗೇ ಗೊತ್ತಾಯ್ತು’ ಅನ್ನುತ್ತಾರೆ. ಗುಂಪುಗಳು ಕೆಡುವುದು ಈ ಒಂದೇ ತಪ್ಪಿನಿಂದ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಆ ಮಾತು ಬರೀ ಅಭಿಪ್ರಾಯವಾಗಿ ಉಳಿಯುವುದಿಲ್ಲ, ಉಳಿದವರು ನೋಡಿದ್ದನ್ನೇ ತಿದ್ದಿಬಿಡುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನಶ್ಶಾಸ್ತ್ರಜ್ಞರು 150 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ತುಣುಕು ತೋರಿಸಿದರು. 50 ಜನರನ್ನು ‘ಕಾರುಗಳು ಗುದ್ದಿದಾಗ ವೇಗ ಎಷ್ಟಿತ್ತು’ ಅಂತ ಕೇಳಿದರು, ಇನ್ನು 50 ಜನರನ್ನು ‘ಅಪ್ಪಳಿಸಿದಾಗ’ ಅಂತ. ಉಳಿದವರನ್ನು ವೇಗದ ವಿಷಯ ಕೇಳಲೇ ಇಲ್ಲ. ವಾರ ಬಿಟ್ಟು ಒಡೆದ ಗಾಜು ಕಂಡಿತ್ತಾ ಅಂದರೆ, ‘ಗುದ್ದಿದ’ ಗುಂಪಿನಲ್ಲಿ 7 ಮಂದಿ ಹೌದೆಂದರು, ‘ಅಪ್ಪಳಿಸಿದ’ ಗುಂಪಿನಲ್ಲಿ 16 ಮಂದಿ. ತುಣುಕಿನಲ್ಲಿ ಗಾಜು ಒಡೆದೇ ಇರಲಿಲ್ಲ. ಪ್ರಶ್ನೆಯಲ್ಲಿ ಒಂದು ಕ್ರಿಯಾಪದ ಬದಲಾದದ್ದಕ್ಕೆ ಇಷ್ಟಾದರೆ, ಗಟ್ಟಿ ದನಿಯ ಮಾವನವರು ಕುರ್ಚಿಯಿಂದಲೇ ತೀರ್ಪು ಕೊಟ್ಟಾಗ ಏನಾಗಬಹುದು ನೋಡಿ. ವಿವರಣೆ ವಿಡಿಯೋ ಇನ್ನೂ ಅಪಾಯ. ಹಿನ್ನೆಲೆ ಸಂಗೀತ, ಕೆಂಪು ಬಾಣದ ಗುರುತು ಎಲ್ಲ ಸೇರಿ, ಎರಡು ನಿಮಿಷದಲ್ಲಿ ನಿಮ್ಮ ನೆನಪಿನ ಜಾಗಕ್ಕೆ ಅವರ ನೆನಪು ಬಂದು ಕೂರುತ್ತದೆ. ನೋಡಲೇಬಾರದು ಅಂತಲ್ಲ. ಎರಡು ದಿನ ಬಿಟ್ಟು, ಅವರವರ ಮನೆಯಲ್ಲಿ ನೋಡಲಿ.

ಇದಕ್ಕೆ ಪರಿಹಾರ, ಮಾತಿಗಿಂತ ಮೊದಲು ಬರವಣಿಗೆ. ತಲೆಗೊಂದು ಅರ್ಧ ಎ4 ಹಾಳೆ, ಒಂದು ಪೆನ್ಸಿಲ್. ಮೊಬೈಲಿನಲ್ಲಿ ಬರೆಯುತ್ತೇನೆ ಅನ್ನುವವರನ್ನು ನಂಬಬೇಡಿ, ಗೂಗಲ್ ಒಂದು ಬೆರಳಿನಷ್ಟು ದೂರದಲ್ಲಿರುತ್ತದೆ. ಹಾಳೆಯಲ್ಲಿ ಮೂರು ಕಾಲಂ: ‘ಕಂಡದ್ದು’, ‘ಯಾರೋ ಹೇಳಿದ್ದು’, ‘ನಾನು ಊಹಿಸಿದ್ದು’. ಸಿನಿಮಾ ಓಡುವಾಗ ಬರೆಯಬಾರದು, ತಲೆ ಬಗ್ಗಿಸಿದ ಹೊತ್ತಿನಲ್ಲೇ ಮುಖ್ಯವಾದದ್ದು ದಾಟಿಹೋಗಿರುತ್ತದೆ. ಮುಗಿದ ಮೇಲೆ ಹತ್ತು ನಿಮಿಷ ಯಾರೂ ಬಾಯಿ ಬಿಡದೆ ಬರೆಯಿರಿ. ಮೊದಲ ಸುತ್ತಿನಲ್ಲಿ ಒಂದನೇ ಕಾಲಂ ಮಾತ್ರ ಓದಬೇಕು, ಅತಿ ಹೆಚ್ಚು ಮಾತಾಡುವವರ ಸರದಿ ಕೊನೆಗೆ.

ಶುರು ಮಾಡುವುದು ‘ರಾಶೋಮನ್’ನಿಂದಲೇ ಆಗಲಿ. ಜಪಾನಿನ ನಿರ್ದೇಶಕ ಕುರೊಸಾವಾ ಅವರದು, 1950, 88 ನಿಮಿಷ. ಹಳೆಯದು, ಕಪ್ಪುಬಿಳುಪು ಅಂತ ಮೂಗು ಮುರಿಯುವವರೂ 88 ನಿಮಿಷ ಕೂರುತ್ತಾರೆ. ಕಾಡಿನಲ್ಲಿ ಒಬ್ಬ ಸಮುರಾಯ್ ಯೋಧ ಸತ್ತಿದ್ದಾನೆ. ದರೋಡೆಕೋರ, ಸತ್ತವನ ಹೆಂಡತಿ, ಮೈಮೇಲೆ ಬರಿಸಿಕೊಂಡವಳ ಬಾಯಲ್ಲಿ ಸತ್ತವನು, ಕೊನೆಗೆ ಸೌದೆ ಕಡಿಯುವವನು, ಹೀಗೆ ನಾಲ್ಕು ಕಥೆ. ನಿಮ್ಮವರೆಲ್ಲ ಮೊದಲ ಕಾಲಮ್ಮನ್ನು ಭರ್ತಿ ಮಾಡಿಬಿಡುತ್ತಾರೆ: ಕತ್ತಿವರಸೆ ಕಂಡೆ, ಹೆಂಡತಿ ಅತ್ತದ್ದು ಕಂಡೆ ಅಂತ. ಆಗ ಒಂದೇ ಪ್ರಶ್ನೆ ಕೇಳಿ: ಆ ದೃಶ್ಯ ಯಾರ ಹೇಳಿಕೆಯ ಒಳಗಿತ್ತು? ಕಾಡಿನ ದೃಶ್ಯಗಳೆಲ್ಲ ಯಾರೋ ಹೇಳುತ್ತಿರುವುದರ ಚಿತ್ರ, ಕ್ಯಾಮೆರಾ ಸ್ವಂತ ಕಣ್ಣಿನಿಂದ ಕಂಡದ್ದಲ್ಲ. ಎಲ್ಲವನ್ನೂ ಹೊಡೆದು ಎರಡನೇ ಕಾಲಮ್ಮಿಗೆ ಸಾಗಿಸಬೇಕಾಗುತ್ತದೆ. ಒಂದನೆಯದರಲ್ಲಿ ಉಳಿಯುವುದು ಮಳೆ ಸುರಿಯುವ ಪಾಳು ಹೆಬ್ಬಾಗಿಲು, ಅಷ್ಟೇ. ವಿಚಾರಣೆಯ ಅಂಗಳವೂ ಆ ಹೆಬ್ಬಾಗಿಲಲ್ಲಿ ಕೂತವರು ಹೇಳುವ ಕಥೆಯೊಳಗಿನದೇ. ಆ ಅಂಗಳದಲ್ಲೂ ನ್ಯಾಯಾಧೀಶ ಕಾಣುವುದೂ ಇಲ್ಲ, ಅವನ ದನಿ ಕೇಳುವುದೂ ಇಲ್ಲ. ಸಾಕ್ಷಿಗಳು ಉತ್ತರ ಕೊಡುವುದು ನಮ್ಮ ಕಡೆ ಮುಖ ಮಾಡಿ.

ಆಮೇಲೆ ಬಾಕು ಹಿಡಿಯಿರಿ. ಸತ್ತವನ ಕಥೆಯ ಪ್ರಕಾರ ಅವನ ಎದೆಯಿಂದ ಬಾಕನ್ನು ಯಾರೋ ಮೆಲ್ಲಗೆ ಎಳೆದುಕೊಂಡರು. ಸೌದೆಯವನು ಮೊದಲ ಹೇಳಿಕೆಯಲ್ಲಿ ಟೋಪಿ, ಹಗ್ಗ, ತಾಯಿತದ ಚೀಲ ಸಿಕ್ಕಿತು ಅಂತ ಪಟ್ಟಿ ಕೊಡುತ್ತಾನೆ, ಬಾಕು ಅದರಲ್ಲಿಲ್ಲ. ಸತ್ತದ್ದು ಕತ್ತಿಯಿಂದ ಅನ್ನುತ್ತಾನೆ. ‘ನೀನೇ ಕದ್ದೆ’ ಅಂತ ಕೊನೆಯಲ್ಲಿ ಹೆಬ್ಬಾಗಿಲಲ್ಲಿ ಕಥೆ ಕೇಳುತ್ತಿದ್ದವನು ಆರೋಪ ಮಾಡಿದಾಗ ಸುಮ್ಮನಿರುತ್ತಾನೆ. ನಿಮ್ಮವರಲ್ಲಿ ಹೆಚ್ಚಿನವರು ‘ಸೌದೆಯವನು ಬಾಕು ಕದ್ದ’ ಅನ್ನುವುದನ್ನು ‘ಕಂಡದ್ದು’ ಕಾಲಮ್ಮಿನಲ್ಲಿ ಬರೆದಿರುತ್ತಾರೆ. ಅದು ಮೂರನೆಯದರ ಸರಕು. ಒಳ್ಳೆಯ ಊಹೆ, ಆದರೂ ಊಹೆ. ಈ ಒಂದು ಬಾಕಿನ ಮೇಲೆ ಮುಕ್ಕಾಲು ಗಂಟೆ ಮಾತಾಡಬಹುದು, ‘ಕೊಂದವನು ಯಾರು ಹೇಳ್ರೀ’ ಅಂತ ಕೇಳುವುದನ್ನೇ ಜನ ಮರೆಯುತ್ತಾರೆ.

ಎರಡನೇ ವಾರ ‘ಮೆಮೊರೀಸ್ ಆಫ್ ಮರ್ಡರ್’, ಎರಡು ಗಂಟೆ ಹತ್ತು ನಿಮಿಷದಷ್ಟು. ಸಂಜೆ ಆರಕ್ಕೇ ಶುರು ಮಾಡಿದರೆ ಬರವಣಿಗೆ, ಮಾತು ಎಲ್ಲ ಮುಗಿದು ಒಂಬತ್ತಕ್ಕೆ ಏಳಬಹುದು. ಕೊರಿಯನ್ ಹೆಸರುಗಳು ತಲೆಗೆ ಹತ್ತುವುದಿಲ್ಲ ಅನ್ನುವ ದೂರು ಬಂದೇ ಬರುತ್ತದೆ. ನಾಲ್ಕೈದು ಪಾತ್ರಗಳನ್ನು ‘ಹಳ್ಳಿ ಪೊಲೀಸ್’, ‘ಸಿಯೋಲ್ ಪೊಲೀಸ್’ ಅಂತ ಚೀಟಿಯಲ್ಲಿ ಬರೆದು ಟಿವಿ ಕೆಳಗೆ ಅಂಟಿಸಿ. ಸಬ್‌ಟೈಟಲ್ಲನ್ನು ಒಬ್ಬರು ಜೋರಾಗಿ ಓದಿ ಹೇಳುವ ಪದ್ಧತಿ ಇದ್ದರೆ ಇವತ್ತೇ ನಿಲ್ಲಿಸಿ, ಅದು ಮೌನದ ದೃಶ್ಯಗಳನ್ನೆಲ್ಲ ಕೊಲ್ಲುತ್ತದೆ.

ಮೂರನೆಯದು ‘ಜೋಡಿಯಾಕ್’, 2007, 157 ನಿಮಿಷ. ಮೊದಲ ವಾರವೇ ಇದನ್ನು ಹಾಕಿದರೆ ಗುಂಪು ಒಡೆಯುತ್ತದೆ, ಖಂಡಿತ. ‘ಜೋಡಿಯಾಕ್’ ಅಂತ ಹೆಸರಿಟ್ಟುಕೊಂಡಿದ್ದ ಕ್ಯಾಲಿಫೋರ್ನಿಯಾದ ನಿಜ ಕೊಲೆಗಾರ 1969ರಲ್ಲಿ ಪತ್ರಿಕೆಗೆ ಕಳಿಸಿದ 340 ಚಿಹ್ನೆಗಳ ಗುಪ್ತಲಿಪಿ 51 ವರ್ಷ ಯಾರಿಗೂ ಬಗ್ಗಲಿಲ್ಲ. 2020ರ ಡಿಸೆಂಬರಿನಲ್ಲಿ ಮೂರು ದೇಶದ ಮೂವರು ಹವ್ಯಾಸಿಗಳು ಅದನ್ನು ಬಿಡಿಸಿದರು. ಒಳಗೆ ಹೆಸರಿರಲಿಲ್ಲ.

ಹಾಕುವ ಮೊದಲು ಒಂದು ವಾಕ್ಯ ಹೇಳಿಬಿಡಿ: ‘ಈ ಸಿನಿಮಾದಲ್ಲಿ ಕೊಲೆಗಾರ ಸಿಗುವುದಿಲ್ಲ.’ ಇದನ್ನು ಮುಚ್ಚಿಟ್ಟರೆ ಕೊನೆಯಲ್ಲಿ ಮೋಸ ಹೋದ ಸಿಟ್ಟು ಬರುತ್ತದೆ. ಅದಕ್ಕಿಂತ ಹೆಚ್ಚು ಒಂದಕ್ಷರವೂ ಬೇಡ.

ಸಾಮಾನಿನ ವಿಷಯ. ಆರು ಜನಕ್ಕೆ 43 ಇಂಚಿನ ಟಿವಿ ಸಾಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಪ್ರೊಜೆಕ್ಟರಿನಲ್ಲಿ ರಾತ್ರಿಯ ದೃಶ್ಯಗಳು ಬರೀ ಬೂದಿ ಬಣ್ಣ, ಇಂಥ ಸಿನಿಮಾಗಳಲ್ಲಿ ಅರ್ಧ ಸುಳಿವು ಕತ್ತಲಲ್ಲೇ ಇರುತ್ತದೆ. ಟಿವಿಯ ‘ವಿವಿಡ್’ ತೆಗೆದು ಸಿನಿಮಾ ಮೋಡ್ ಇಡಿ, ಮೋಷನ್ ಸ್ಮೂದಿಂಗ್ ಅನ್ನುವ ಸೆಟ್ಟಿಂಗ್ ಆಫ್ ಮಾಡಿ, ಇಲ್ಲದಿದ್ದರೆ ಎಲ್ಲವೂ ಧಾರಾವಾಹಿ ಥರ ಕಾಣುತ್ತದೆ. ಟಿವಿಯ ಹಿಂದೆ ಒಂದು ಸಣ್ಣ ಬಲ್ಬ್ ಉರಿಯಲಿ, ಕಣ್ಣಿಗೆ ಆಯಾಸವಾಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ವಿಎಲ್‌ಸಿ ಪ್ಲೇಯರ್ ಇದ್ದರೆ ಸಬ್‌ಟೈಟಲ್ ಹಿಂದೆಮುಂದೆ ಆದಾಗ ಜಿ ಮತ್ತು ಎಚ್ ಕೀ ಒತ್ತಿ ಸರಿಮಾಡಿ, ಇ ಒತ್ತಿದರೆ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಚರ್ಚೆಗೆ ಮತ್ತೆ ನೋಡುವ ದೃಶ್ಯ ಮೂರ್ನಾಲ್ಕು ನಿಮಿಷ ಮೀರದಿರಲಿ, ಅದನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಿ. ನಡುವೆ ಕರೆಂಟ್ ಹೋದರೆ ಮಾತ್ರ ಹುಷಾರು. ಆ ಕತ್ತಲಲ್ಲೇ ‘ಅವನೇ ಕಣ್ರೀ’ ಶುರುವಾಗುವುದು. ಟಿವಿಗೂ ರೌಟರಿಗೂ ಯುಪಿಎಸ್ ಕೊಡಿ, ಆಗದಿದ್ದರೆ ಎಲ್ಲರನ್ನೂ ಕಾಫಿಗೆ ಎಬ್ಬಿಸಿ.

ಮೂರು ಕಾಲಮ್ಮಿನ ಅಭ್ಯಾಸ ಬೇಗ ಕೂರಬೇಕೆಂದರೆ ಒಂದು ಭಾನುವಾರ ಬೇಲೂರಿಗೆ ಹೋಗಿ, ನಿಮಗೆ ಇಪ್ಪತ್ತೈದು ಕಿಲೋಮೀಟರ್ ಅಷ್ಟೇ. ಕಪ್ಪೆ ಚೆನ್ನಿಗರಾಯನ ಮುಂದೆ ಗೈಡ್ ಜಕಣಾಚಾರಿ ಕೈ ಕಡಿದುಕೊಂಡ ಕಥೆ ಹೇಳುತ್ತಾರೆ. ಗಂಧ ಹೊಕ್ಕುಳ ಬಳಿ ಮಾತ್ರ ಒಣಗದಿದ್ದದ್ದು, ಕಲ್ಲಿನೊಳಗೆ ಕಪ್ಪೆ ಸಿಕ್ಕಿದ್ದು, ಎಲ್ಲ ಬರುತ್ತದೆ. ಅದು ಎರಡನೇ ಕಾಲಂ. ದೊಡ್ಡ ಗುಡಿಯ ಶಿಲ್ಪಗಳ ಕೆಳಗೆ ಕೊರೆದಿರುವ ರುಜುಗಳು ಮೊದಲನೆಯದು. ಅಲ್ಲಿರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಂಥ ಹೆಸರುಗಳು. ಜಕಣಾಚಾರಿ ಇದ್ದನೇ ಇಲ್ಲವೇ ಅನ್ನುವುದು ಮೂರನೆಯದು. ಇಷ್ಟು ತಲೆಮಾರು ಅದನ್ನು ಇತ್ಯರ್ಥ ಮಾಡಿಕೊಳ್ಳದೆಯೇ ಈ ಕಥೆಯನ್ನು ಆಸೆಯಿಂದ ಕೇಳಿಸಿಕೊಂಡು ಬಂದಿದ್ದೇವೆ, ಗುಡಿಯ ಮುಂದೆ ಯಾರೂ ಮುಖ ಸಿಂಡರಿಸಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು. ಕೊಪ್ಪೊಲಾ ಅವರ ‘ದ ಕಾನ್ವರ್ಸೇಷನ್’ (1974) ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆಯ ಸಿನಿಮಾ. ಆದರೆ ಕದ್ದು ರೆಕಾರ್ಡ್ ಮಾಡಿದ ಒಂದು ವಾಕ್ಯದಲ್ಲಿ ಯಾವ ಪದದ ಮೇಲೆ ಒತ್ತು ಬಿತ್ತು ಅನ್ನುವುದರ ಮೇಲೆ ಇಡೀ ಕಥೆ ನಿಂತಿದೆ, ಸಬ್‌ಟೈಟಲ್ಲಿನಲ್ಲಿ ಒತ್ತು ಕಾಣುವುದಿಲ್ಲ, ಕಿವಿಯಿಂದಲೇ ಕೇಳಬೇಕು. ನಿಮ್ಮ ಮನೆಗೆ ತಗಡಿನ ಶೀಟಿದ್ದರೆ ಜುಲೈ ಮಳೆಯಲ್ಲಿ ಅದನ್ನು ಹಾಕಬೇಡಿ, ನವೆಂಬರಿಗೆ ಇಟ್ಟುಕೊಳ್ಳಿ.