ಮನೆಮಾತಲ್ಲದ ಭಾಷೆಗೆ ಟೀಚರ್ ಆದರೆ ಕಮ್ಮಿಯೇ?

ಪ್ರಶ್ನೆ: ಒಂಬತ್ತು ವರ್ಷದಿಂದ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಅದು ನನ್ನ ಮಾತೃಭಾಷೆಯಲ್ಲ. ಈಚೆಗೆ ಇಂಗ್ಲಿಷನ್ನೇ ಮನೆಮಾತಾಗಿ ಆಡಿ ಬೆಳೆದ ಒಬ್ಬರು ನಮ್ಮಲ್ಲಿ ಸೇರಿದರು. ಕಲಿಸಿದ ಅನುಭವವಿಲ್ಲ. ಆದರೂ ನನ್ನ ಸಂಭಾಷಣೆ ತರಗತಿ ಅವರ ಪಾಲಾಯಿತು. "ಅವರ ಹತ್ರ ಕಲಿತ್ರೆ ಉಚ್ಚಾರಣೆ ಚೆನ್ನಾಗಿ ಬರುತ್ತೆ" ಎಂದು ಇಬ್ಬರು ವಿದ್ಯಾರ್ಥಿಗಳು ನನ್ನೆದುರಿಗೇ ಹೇಳಿದರು. ಅವತ್ತಿನಿಂದ ಪಾಠ ಮಾಡುವಾಗ ಮಾತು ತಡವರಿಸುತ್ತದೆ. ಕೆಲಸ ಬಿಟ್ಟುಬಿಡಲೇ?

ಉತ್ತರ: ಬೇಡ, ಬಿಡಬೇಡಿ. ನಿಮ್ಮೆದುರಿಗೇ ಹೇಳಿದರು ಎಂಬ ಸಾಲು ಓದಿ ನನಗೂ ಚುರುಕ್ ಎಂದಿತು.

ಕನ್ನಡ ಕಲಿಯುತ್ತಿರುವ ಒಬ್ಬರು "ನಾನು ಗೊತ್ತು" ಎಂದರು ಅಂದುಕೊಳ್ಳಿ. ನಾವು ತಕ್ಷಣ "ನನಗೆ ಗೊತ್ತು" ಎಂದು ತಿದ್ದುತ್ತೇವೆ. ಯಾಕೆ ಹಾಗೆ ಎಂದು ಕೇಳಿದರೆ? ತೊಟ್ಟಿಲಿನಿಂದ ಕನ್ನಡ ಕೇಳಿದವರು ಎಷ್ಟೋ ಜನ "ಹಾಗೇ ಹೇಳೋದು" ಎಂದು ಸುಮ್ನಾಗುತ್ತಾರೆ. ಆಮೇಲೆ ಕಲಿತವರು ಗೊತ್ತು, ಬೇಕು, ಹಸಿವು, ನೆಗಡಿ ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು, ಇವಕ್ಕೆಲ್ಲ 'ನನಗೆ' ಬರುತ್ತದೆ ಎಂದು ತೋರಿಸಬಲ್ಲರು. ಅವರು ಅಲ್ಲಿ ಎಡವಿ ಎದ್ದವರು, ಅಲ್ವಾ?

ಇಂಗ್ಲಿಷಿನಲ್ಲಿ ನೀವೂ ಹಾಗೇ ಎದ್ದು ಬಂದವರು. "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ" ಎಂದ ವಿದ್ಯಾರ್ಥಿಗೆ, ಯೆಸ್ಟರ್ಡೇ ಮುಗಿದುಹೋದ ಸಮಯ, ಅದರ ಜೊತೆ 'ಹ್ಯಾವ್ ಸೀನ್' ಹೊಂದುವುದಿಲ್ಲ, 'ಸಾ' ಸಾಕು ಎಂದು ನೀವು ಬಿಡಿಸಿ ಹೇಳಬಲ್ಲಿರಿ.

ನಿಮ್ಮನ್ನು ಕಾಡುತ್ತಿರುವ ನಂಬಿಕೆ ಹಳೆಯದು. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ಇಂಗ್ಲಿಷ್ ಬೋಧನೆ ಕುರಿತು ಒಂದು ಸಮ್ಮೇಳನ ನಡೆಯಿತು. ಮಾತೃಭಾಷಿಕರೇ ಆದರ್ಶ ಶಿಕ್ಷಕರು ಎಂಬ ನಿಲುವು ಅಲ್ಲಿಂದ ಬಲ ಪಡೆಯಿತು ಎಂದು ಭಾಷಾ ವಿದ್ವಾಂಸ ರಾಬರ್ಟ್ ಫಿಲಿಪ್‌ಸನ್ 1992ರಲ್ಲಿ ತೋರಿಸಿ, ಅದನ್ನು ತಪ್ಪು ನಂಬಿಕೆ ಎಂದೇ ಕರೆದರು. ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘ ಟೆಸಾಲ್ ಕೂಡ 2006ರಲ್ಲಿ ಈ ತಾರತಮ್ಯವನ್ನು ಬಹಿರಂಗವಾಗಿ ವಿರೋಧಿಸಿತು. ನಿಮ್ಮ ಮುಖ್ಯಸ್ಥರ ಮುಂದೆ ಇದನ್ನು ಧೈರ್ಯವಾಗಿ ಇಡಿ. ತರಗತಿ ಹಂಚುವಾಗ ಯಾರಿಗೆ ಏನು ಕಲಿಸಲು ಬರುತ್ತದೆ ಎಂದು ನೋಡಿ, ಯಾರು ಎಲ್ಲಿ ಹುಟ್ಟಿದರು ಎಂದಲ್ಲ ಎಂದು ಕೇಳಿ. ಅದು ನಿಮ್ಮ ಹಕ್ಕು.

ಆ ಹೊಸಬರ ಮೇಲೆ ಮಾತ್ರ ಮುನಿಸು ಬೇಡ. ಮಳೆಗೆ 'ಹೆವಿ', ಗಾಳಿಗೆ 'ಸ್ಟ್ರಾಂಗ್' ಎಂದು ಯೋಚಿಸದೆ ಅವರ ಬಾಯಿಗೆ ಬರುತ್ತದೆ. ನಿಮಗೆ ಅಲ್ಲಲ್ಲಿ ಅನುಮಾನ ಬರಬಹುದು. ಬಂದರೆ ಹೋಗಿ ಕೇಳಿ. ಅವರಿಗೂ "ಯಾಕೆ" ಎಂಬ ಪ್ರಶ್ನೆ ಎದುರಾದಾಗ ನಿಮ್ಮ ಸಹಾಯ ಬೇಕಾಗುತ್ತದೆ.

ಇನ್ನು ಉಚ್ಚಾರಣೆ. ನಿಮ್ಮ ಮಾತಿನಲ್ಲಿ ನಿಮ್ಮ ಭಾಷೆಯ ಧಾಟಿ ಇದ್ದರೆ ಇರಲಿ. ಧಾಟಿ ಬೇರೆ, ಅರ್ಥವಾಗದಿರುವುದು ಬೇರೆ. ಕೇಳುವವರಿಗೆ ಸ್ಪಷ್ಟವಾಗಿ ತಿಳಿದರೆ ಸಾಕು. ವಿದ್ಯಾರ್ಥಿಗಳಿಗೂ ಅಷ್ಟೇ ಬೇಕಾಗಿರುವುದು.

ಆ ಇಬ್ಬರ ಜೊತೆ ವಾದ ಮಾಡಬೇಡಿ. ನೀವು ಇಂಗ್ಲಿಷ್ ಕಲಿಯುತ್ತಿದ್ದಾಗಿನ ನೋಟ್‌ಬುಕ್ ಏನಾದರೂ ಉಳಿದಿದ್ದರೆ ನಾಳೆ ತರಗತಿಗೆ ತೆಗೆದುಕೊಂಡು ಹೋಗಿ. ಕೆಂಪು ಗೀಟು ಜಾಸ್ತಿ ಬಿದ್ದ ಪುಟವನ್ನೇ ತೆರೆದು ಅವರ ಮುಂದಿಡಿ.